ಹೊಳೆ ಬಂದಾಗ ಬರುವವರಿಗಾಗಿ

ಮೊನ್ನೆ ಮುಧೋಳದ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಘಟಪ್ರಭೆಗೆ ನೀರು ಬಿಟ್ಟಿದ್ದಾರೆ, ಹೊಳೆದಂಡೆಯವರು ಹುಷಾರಾಗಿರಬೇಕು ಎಂದು ಆಟೋ ಒಂದು ಬೆಳಗಿನಿಂದ ಕೂಗುತ್ತ ತಿರುಗುತ್ತಿತ್ತು. ಮೇಣಬತ್ತಿ, ಕಡ್ಡಿಪೆಟ್ಟಿಗೆ, ಬಿಸ್ಕೀಟು, ಹಾಲಿನ ಪುಡಿ ಎಂದು ಎಲ್ಲರೂ ಒಮ್ಮೆಗೇ ಕೈ ಚಾಚಿ ಕೇಳುತ್ತಿದ್ದರು. ನನಗೆ ಜೋಳ ಕೊಡಲು ಅಂಗಡಿಯವರು ಹೊಸ ಚೀಲದ ಬಾಯಿ ಬಿಚ್ಚಿದರು. ಕಾಳಿನ ಜೊತೆ ಒಣಗಿದ ಬೇವಿನ ಎಲೆಗಳೂ ಬಂದವು. ಹುಳ ಹತ್ತದಿರಲೆಂದು ಯಾರೋ ರೈತರು ಹಾಕಿಟ್ಟದ್ದಿರಬೇಕು. ಕಹಿ, ಒಗರು, ಅದರೊಳಗೆ ಎಲ್ಲೋ ಬಿಸಿಲಿನ ವಾಸನೆ... ಕೈಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹಿಂದಿದ್ದವರು "ಜರಾ ಸರೀರಿ ಬಾಯಾರ" ಎಂದಾಗಲೇ ಎಚ್ಚರವಾದದ್ದು.

ಆ ವಾಸನೆ ಕೃಷ್ಣೆಯ ದಂಡೆಯ ಒಂದು ಮನೆಯದು.

ಜಮಖಂಡಿ ತಾಲೂಕಿನ ಆ ಹಳ್ಳಿಗೆ ನಾನು ನರ್ಸಾಗಿ ಹೋದಾಗ ಆಲಮಟ್ಟಿಯಲ್ಲಿ ನೀರು ನಿಲ್ಲಿಸತೊಡಗಿ ಕೆಲವು ವರ್ಷಗಳಾಗಿದ್ದವು. ಮದುವೆಯಾಗಿ ಬಹಳ ದಿನವಾಗುವ ಮುಂಚೆಯೇ ಗಂಡನ ಮನೆ ಬಿಟ್ಟು ಬಂದವಳು ನಾನು. ತವರಿನಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಾನು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅತ್ತಿಗೆಯರ ಮಾತು ನಿಲ್ಲುತ್ತಿತ್ತು. ಯಾವ ಊರಾದರೂ ಸರಿ, ನನ್ನದೊಂದು ಬಾಗಿಲು ಇದ್ದರೆ ಸಾಕು ಎಂದು ಟ್ರಂಕು ಹೊತ್ತು ಬಂದಿದ್ದೆ. ಹೊಳೆಯ ಕಡೆಯ ಓಣಿಯಲ್ಲಿ ಒಂದು ಮನೆ ಸಿಕ್ಕಿತು. ಮನೆಯವರು ಮಗ್ಗದ ಕೆಲಸಕ್ಕೆಂದು ರಬಕವಿಗೆ ಹೋಗಿ ಅಲ್ಲಿಯೇ ಉಳಿದಿದ್ದರು. ಆ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಆಚೆ ಆಕೆ ಇದ್ದಳು.

ಊರಿಗೆಲ್ಲ ಆಕೆ ಆಯಿ. ಆದರೆ ಆಕೆಗೆ ಮಕ್ಕಳಿರಲಿಲ್ಲ, ಮೊಮ್ಮಕ್ಕಳಿರಲಿಲ್ಲ. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಎತ್ತರದ ತಳಪಾಯದ ಮೇಲೆ ಕಟ್ಟಿದ ಮನೆ, ಒಳಗಿನಿಂದ ಮೆಟ್ಟಿಲು ಹತ್ತಿದರೆ ಮೇಲೊಂದು ದೊಡ್ಡ ಖೋಲಿ. ಆ ಓಣಿಯಲ್ಲಿ ಮೇಲೆ ಖೋಲಿ ಇದ್ದ ಮನೆ ಅದೊಂದೇ. ಆಯಿ ಇರುತ್ತಿದ್ದದ್ದು ಕೆಳಗೆ, ಒಲೆಯ ಹತ್ತಿರದ ಒಂದು ಮೂಲೆಯಲ್ಲಿ. ಮೇಲಿನ ಖೋಲಿಯಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು ಮೊದಲ ಬೇಸಿಗೆಯ ಕೊನೆಯಲ್ಲಿ.

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಇನ್ನೂ ಬಂದಿರಲಿಲ್ಲ. ಆಯಿ ಅಂಗಳದ ತುಂಬ ಜೋಳ ಹರವಿ, ಸೀರೆಯ ಸೆರಗು ತಲೆಗೆ ಸುತ್ತಿಕೊಂಡು, ಬಿಸಿಲಲ್ಲೇ ಕೂತು ಬೇವಿನ ಎಲೆ ಬಿಡಿಸುತ್ತಿದ್ದಳು. ನಾನು ಡ್ಯೂಟಿ ಮುಗಿಸಿ ಬಂದವಳು ಸುಮ್ಮನೆ ಕೈಹಚ್ಚಿದೆ. ಜೋಳ ತುಂಬಿದ ಡಬ್ಬಿಗಳನ್ನು ಮೇಲಕ್ಕೆ ಸಾಗಿಸಲು ಆಕೆಯ ಹಿಂದೆ ಮೆಟ್ಟಿಲು ಹತ್ತಿದೆ. ಹತ್ತಿದವಳು ಬಾಗಿಲಲ್ಲೇ ನಿಂತೆ. ಒಂದು ಗೋಡೆಗೆ ಕುಳ್ಳು, ಕಟ್ಟಿಗೆ ಒಟ್ಟಿದ್ದಳು. ಇನ್ನೊಂದು ಗೋಡೆಗೆ ಉಪ್ಪು, ಬೆಲ್ಲ, ಬೇಳೆಯ ಡಬ್ಬಿಗಳು, ಸೀಮೆಎಣ್ಣೆಯ ಕ್ಯಾನು, ಕಂದೀಲುಗಳು. ಕಡ್ಡಿಪೆಟ್ಟಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಮತ್ತೆ ಬಟ್ಟೆ ಸುತ್ತಿ ಸೂರಿಗೆ ತೂಗುಹಾಕಿದ್ದಳು. ಮಗ್ಗುಲಲ್ಲಿ ಕೌದಿಗಳ ರಾಶಿ. ತಾಟುಗಳು, ಲೋಟಗಳು, ಮದುವೆ ಮನೆಯಲ್ಲಿ ಇಡುವಂಥ ದೊಡ್ಡ ಪಾತ್ರೆ. ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಒಗೆದು ಮಡಿಸಿಟ್ಟ ಬಟ್ಟೆ ಬೇರೆ.

"ಇಷ್ಟೆಲ್ಲಾ ಯಾರಿಗ್ರಿ ಆಯಿ?" ಎಂದು ಕೇಳಿದೆ.

"ಹೊಳಿ ಬಂದ್ರ ಬೇಕಲ್ಲವಾ."

"ನೀವು ಇರೂದು ಒಬ್ಬಾಕಿ..."

"ಒಬ್ಬಾಕಿಗ್ಯಾರ ಇಷ್ಟ ಮಾಡ್ತಾರ ಬೇ?" ಎಂದು ನಕ್ಕಳು. "ಹೊಳಿ ಬಂದ್ರ ಓಣಿ ಮಂದಿ ಎಲ್ಲಿ ಹೋಗಬೇಕು? ಇಲ್ಲೇ ಬರಬೇಕು."

ಮುಂದಿನ ದಿನಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಗೋಡೆಯ ಈಚೆಗೂ ಕೇಳುತ್ತಿತ್ತು. ತೆಳ್ಳಗೆ ಬಡಿದು, ಬೇಯಿಸಿ, ಹಪ್ಪಳದ ಹಾಗೆ ಒಣಗಿಸಿದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲಿನ ಖೋಲಿಗೆ ಒಯ್ಯುತ್ತಿದ್ದಳು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಚಟ್ನಿಪುಡಿ, ಅಂದರೆ ಹಿಂಡಿ, ಕುಟ್ಟುವ ದಿನ ಇಡೀ ಓಣಿಗೆ ಬೆಳ್ಳುಳ್ಳಿಯ ಘಮ. ಓಣಿಯ ಹೆಂಗಸರು ಹಾದುಹೋಗುವಾಗ, "ಆಯಿ, ಈ ಸಲಾ ಹೊಳಿಗಿ ಬುಲಾವ್ ಕಳಿಸಿಯೇನ?" ಎಂದು ಚೇಷ್ಟೆ ಮಾಡುತ್ತಿದ್ದರು. ಆಕೆ ಸಿಟ್ಟಾಗುತ್ತಿರಲಿಲ್ಲ.

ಆ ವರ್ಷ ಹೊಳೆ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಆಯಿ ಒಂದೊಂದೇ ಗಂಟು ಕೆಳಗಿಳಿಸಿದಳು. ಬೇಳೆ, ಬೆಲ್ಲವನ್ನು ಅವರಿವರಿಗೆ ಕೊಟ್ಟಳು. ಹಳೆಯ ರೊಟ್ಟಿಯನ್ನು ಯಾರಿಗೆ ಕೊಡುವುದು? ಮಜ್ಜಿಗೆಯಲ್ಲಿ ನೆನೆಸಿ ತಾನೇ ತಿಂದಳು. ಚಳಿಗಾಲವಿಡೀ ಆಕೆ ಬಿಸಿರೊಟ್ಟಿ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ಬಾರದ ನೆಂಟರ ಅಡುಗೆಯನ್ನು ಮನೆಯವರೇ ದಿನವೂ ಉಣ್ಣುವ ಹಾಗೆ ಉಣ್ಣುತ್ತಿದ್ದಳು. ಎಷ್ಟೋ ದಿನ ನಾನೂ ತಾಟು ಹಿಡಿದುಕೊಂಡು ಹೋಗಿ ಆಕೆಯ ಮಗ್ಗುಲಿಗೆ ಕೂಡುತ್ತಿದ್ದೆ. ಮಾತು ಹೆಚ್ಚಿರುತ್ತಿರಲಿಲ್ಲ. ಆದರೆ ನಾನು ಹೋದಾಗ ಯಾವ ಮಾತೂ ನಿಲ್ಲುತ್ತಿರಲಿಲ್ಲ...

ಅಂಥ ಒಂದು ದಿನ ಆಕೆ ತಾನಾಗಿಯೇ ಹೇಳಿದಳು. ಆಕೆ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ದೊಡ್ಡ ಹೊಳೆ ಬಂದಿತ್ತಂತೆ. ಓಣಿಗೆ ಓಣಿಯೇ ಅವರ ಮನೆಯ ಮೆಟ್ಟಿಲು ಹತ್ತಿತ್ತು. ಮುದುಕರು, ಕೂಸುಗಳು, ಕುರಿಮರಿ, ಕೋಳಿ, ಎಲ್ಲ ಅದೇ ಖೋಲಿಯಲ್ಲಿ. ಗಂಡ ಎದೆಮಟ್ಟದ ನೀರಿನಲ್ಲಿ ಹೋಗಿ ಉಳಿದವರನ್ನು ಹೊತ್ತು ತಂದ. ಆಕೆ ಇದ್ದಷ್ಟು ಹಿಟ್ಟಿನಲ್ಲಿ ಎಲ್ಲರಿಗೂ ಅಂಬಲಿ ಕಾಸಿದಳು. ಬಸುರಿಯೊಬ್ಬಳಿಗೆ ಅಲ್ಲಿಯೇ ಬೇನೆ ಶುರುವಾಯಿತು. ಸುತ್ತ ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಹುಟ್ಟಿದ ಗಂಡುಕೂಸನ್ನು ಮೊದಲು ಕೈಗೆ ತೆಗೆದುಕೊಂಡವಳು ಆಯಿ.

"ಆಗ ನಂಗ ಬಾಳ ಹೆದರಿಕಿ ಆಗಬೇಕಿತ್ತು" ಎಂದಳು. "ಆಗಲಿಲ್ಲ. ಎಲ್ಲಾರೂ ಅತ್ತೂ ಅತ್ತೂ, ಆಮ್ಯಾಲ ಹಾಡ ಹೇಳಿದ್ರು. ಯಾರೋ ನನ್ನ ತಲಿ ಬಾಚಿದ್ರು. ನನ್ನ ತಲಿ ಯಾರೂ ಬಾಚಿದ್ದಿಲ್ಲ, ಈ ಮನಿಗಿ ಬಂದಮ್ಯಾಲ."

ನೀರಿಳಿಯಿತು, ಜನ ತಮ್ಮ ತಮ್ಮ ಮನೆಗೆ ಇಳಿದು ಹೋದರು. ಮೆಟ್ಟಿಲ ತುಂಬ, ಖೋಲಿಯ ತುಂಬ ರಾಡಿಯ ಹೆಜ್ಜೆ. ದೊಡ್ಡವು, ಸಣ್ಣವು. ಗಂಡ ಸಾರಿಸು ಎಂದರೂ ಆಕೆ ಬಹಳ ದಿನ ಸಾರಿಸಲಿಲ್ಲವಂತೆ. ಆಮೇಲೆ ವರ್ಷಗಳು ಕಳೆದವು. ಮಕ್ಕಳಾಗಲಿಲ್ಲವೆಂದು ಓಣಿಯ ತೊಟ್ಟಿಲ ಕಾರ್ಯಗಳಿಗೆ ಕರೆಯುವುದು ಕಡಿಮೆಯಾಯಿತು. ಗಂಡ ಹೋದ ಮೇಲೆ ಪೂರಾ ನಿಂತಿತು. ಕೇಡು ಬಯಸಿ ಅಲ್ಲ, ಊರಿನ ರೀತಿಯೇ ಹಾಗೆ. ನನಗೂ ಅದು ಗೊತ್ತಿತ್ತು. ಹೆರಿಗೆಗೆ ಕರೆಯಲು ನನ್ನ ಬಾಗಿಲಿಗೆ ಓಡಿ ಬರುತ್ತಿದ್ದವರು ಹೆಸರಿಡುವ ದಿನ ನನ್ನನ್ನು ನೆನೆಯುತ್ತಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಹೊಳೆ ಬಂತು.

ಮೇಲೆ ಮಹಾರಾಷ್ಟ್ರದಲ್ಲಿ ಮಳೆ ನಿಲ್ಲದೆ ಹೊಡೆಯುತ್ತಿತ್ತು. ಹೊಳೆ ಕೆಂಪಾಯಿತು, ದಂಡೆಯ ಕಬ್ಬಿನ ಹೊಲಗಳಿಗೆ ನುಗ್ಗಿತು. ಒಂದು ಬೆಳಿಗ್ಗೆ ಪಂಚಾಯತಿಯವರು ಮೈಕು ಹಿಡಿದು ಓಣಿಗೆ ಬಂದರು. ಜಮಖಂಡಿಯ ಹಾದಿ ಇಂದು ಸಂಜೆಯೊಳಗೆ ಮುಳುಗಬಹುದು, ಎಲ್ಲರೂ ಊರು ಬಿಡಬೇಕು, ಅಲ್ಲಿ ಶಾಲೆಯೊಂದರಲ್ಲಿ ಗಂಜಿ ಕೇಂದ್ರ ತೆರೆದಿದ್ದಾರೆ ಎಂದು ಕೂಗಿದರು. ನಾನು ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಹೊರಗೆ ಬಂದು ನೋಡಿದರೆ ಆಯಿಯ ಅಂಗಳ ಸಾರಿಸಿ ತೊಳೆದ ಹಾಗಿತ್ತು. ಒಳಗೆ ಬೆಲ್ಲ ಕುದಿಯುವ ವಾಸನೆ. ಮೇಲಿನ ಖೋಲಿಯಲ್ಲಿ ಕೌದಿಗಳನ್ನೆಲ್ಲ ಸಾಲಾಗಿ ಹಾಸಿದ್ದಳು. ದೊಡ್ಡ ಪಾತ್ರೆಯ ತುಂಬ ಬೇಳೆಸಾರು ಇಳಿಸಿಟ್ಟಿದ್ದಳು. ಆಕೆ ಅಂದು ಒಳ್ಳೆಯ ಸೀರೆ ಉಟ್ಟಿದ್ದಳು. ಮುಖದಲ್ಲಿ ಎಂಥ ಕಳೆ! ಹಾಗೆ ಆಕೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕಟ್ಟೆಯ ಮೇಲೆ ನಿಂತು ಓಣಿಯವರನ್ನು ಕರೆಯತೊಡಗಿದಳು. "ಬರ್ರಿ, ಮ್ಯಾಲ ಬರ್ರಿ. ಎಲ್ಲಾ ಐತಿ. ಚಿಂತಿ ಮಾಡಬ್ಯಾಡ್ರಿ."

ಓಣಿಯಲ್ಲಿ ಟ್ರ್ಯಾಕ್ಟರುಗಳು ನಿಂತಿದ್ದವು. ಜನ ಮಂಚ, ಟಿವಿ, ಜೋಳದ ಚೀಲ, ಆಡುಗಳನ್ನು ಟ್ರೇಲರಿಗೆ ಏರಿಸುತ್ತಿದ್ದರು. ಒಬ್ಬರಿಗೆ ಜಮಖಂಡಿಯಲ್ಲಿ ಮಗಳ ಮನೆ, ಇನ್ನೊಬ್ಬರಿಗೆ ತೇರದಾಳದಲ್ಲಿ ಸೋದರಮಾವ. ಯಾರೂ ಇಲ್ಲದವರಿಗೆ ಶಾಲೆ. "ಆಯಿ, ನೀನ ಬಾ ನಮ್ಮ ಜೋಡಿ" ಎಂದು ಹಾದುಹೋದವರೆಲ್ಲ ಕರೆದರು. ಆಕೆ ಅವರನ್ನು ಕರೆಯುತ್ತಿದ್ದಳು, ಅವರು ಆಕೆಯನ್ನು ಕರೆಯುತ್ತಿದ್ದರು. ಒಂದೊಂದೇ ಟ್ರ್ಯಾಕ್ಟರು ತಿರುವಿನಲ್ಲಿ ಮರೆಯಾಯಿತು.

ಕೊನೆಯದು ಅವನದು. ಆ ಹಳೆಯ ಹೊಳೆಯಲ್ಲಿ, ಮೇಲಿನ ಖೋಲಿಯಲ್ಲಿ ಹುಟ್ಟಿದ ಕೂಸು. ಈಗ ನಡುವಯಸ್ಸಿನ ಗಂಡಸು, ಮಕ್ಕಳ ತಂದೆ. ಹೆಂಡತಿ ಮಕ್ಕಳನ್ನು ಟ್ರೇಲರಿನಲ್ಲಿ ಕೂಡಿಸಿ, ಇಂಜಿನ್ ಬಂದ್ ಮಾಡದೆ ಇಳಿದು ಬಂದ.

"ಆಯಿ, ಹತ್ತ ಬೇ. ನೀರ ಹಾದಿಗಿ ಬರಾಕತ್ತಾವ."

"ನೀ ಎಲ್ಲಿ ಹುಟ್ಟೀದಿ, ಹೇಳ ನೋಡೂಣು? ಈ ಮನ್ಯಾಗ. ಆಗೂ ಇಷ್ಟ ನೀರ ಬಂದಿದ್ವು. ಮನಿಗಿ ಏನಾತು? ಏನೂ ಆಗಲಿಲ್ಲ. ಹೇಂತಿ ಮಕ್ಕಳನ್ನ ಕರಕೊಂಡ ಮ್ಯಾಲ ಬಾ."

"ಅದು ಆಗಿನ ಮಾತು ಆಯಿ."

"ಎಲ್ಲಾ ಮಾಡಿಟ್ಟೀನಿ. ನಿನ್ನ ಮಕ್ಕಳಿಗಿ ಬೆಲ್ಲದ ಪಾಯಸಾ ಸೈತ ಮಾಡೀನಿ."

ಅವನಿಗೆ ಅವಸರವಿತ್ತು. ಟ್ರೇಲರಿನಲ್ಲಿ ಮಗು ಅಳುತ್ತಿತ್ತು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆದರೂ ಅಂದುಬಿಟ್ಟ: "ಆಗ ಹಾದಿ ಇರಲಿಲ್ಲ ಆಯಿ, ಅದಕ್ಕ ನಿನ್ನ ಮನಿಗಿ ಬಂದ್ರು. ಹಾದಿ ಇದ್ದಿದ್ರ ಆಗೂ ಹೋಗೇ ಹೋಗ್ತಿದ್ರು."

ಆಯಿ ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಇಟ್ಟಳು. ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅವನು ಬಾಗಿಲ ತನಕ ಹೋಗಿ ಮತ್ತೆ ಮತ್ತೆ ಕರೆದ. ಆಕೆ ತಿರುಗಿ ನೋಡಲಿಲ್ಲ. ನಾನು ಔಷಧಿ ಪೆಟ್ಟಿಗೆಯನ್ನು ಅವನ ಟ್ರೇಲರಿನಲ್ಲಿಟ್ಟು, "ನೀವು ನಡೀರಿ. ನಾ ಆಯಿನ್ನ ಒಪ್ಪಸ್ತೇನಿ. ಮಕ್ಕಳನ್ನ ಬಿಟ್ಟು ಇನ್ನೊಮ್ಮಿ ಬರ್ರಿ" ಎಂದೆ. ಅವನು ಹೊರಟ. ಇನ್ನೊಮ್ಮೆ ಬರಲು ಹಾದಿ ಉಳಿಯಲಿಲ್ಲ.

ಸಂಜೆಯ ಮುಂದೆ ನೀರು ಓಣಿಗೆ ಬಂತು. ಸಪ್ಪಳವಿಲ್ಲದೆ, ಯಾರದೋ ಮನೆಯ ಹಿತ್ತಲಿನಿಂದ ಬಂದು ನಮ್ಮ ಕಟ್ಟೆಯ ಕೆಳಗೆ ನಿಂತಿತು. ನಾವಿಬ್ಬರೂ ಮೇಲಿನ ಖೋಲಿಗೆ ಹೋದೆವು. ಆಯಿ ಕಂದೀಲು ಹಚ್ಚಿದಳು. ಅಷ್ಟು ಕೌದಿಗಳ ನಡುವೆ, ಅಷ್ಟು ದೊಡ್ಡ ಪಾತ್ರೆಯ ಮುಂದೆ ನಾವಿಬ್ಬರೇ ಕೂತೆವು. ಆಕೆ ನನಗೆ ಬಡಿಸಿದಳು, ತಾನು ಬಡಿಸಿಕೊಂಡಳು. ಸಾರು ಪಾತ್ರೆಯಲ್ಲಿ ಕಡಿಮೆಯಾದ ಹಾಗೆಯೇ ಕಾಣಲಿಲ್ಲ. ತುತ್ತು ಎತ್ತುವಾಗೆಲ್ಲ ಆಕೆಯ ಕಣ್ಣು ಮೆಟ್ಟಿಲ ಕಡೆಗೆ ಹೋಗುತ್ತಿತ್ತು.

"ಬರೂದಿಲ್ಲ ಅಲ್ಲ?" ಎಂದು ಕೇಳಿದಳು.

"ಎಲ್ಲಾರೂ ಹೋಗ್ಯಾರ ಆಯಿ."

"ಅವ ಖರೆ ಹೇಳಿದ. ನಂಗ ಗೊತ್ತಿತ್ತು ತಗೋ."

ನಾನು ಆಕೆಯ ಹಿಂದೆ ಹೋಗಿ ಕೂತು ತುರುಬು ಬಿಚ್ಚಿದೆ, ಬಾಚಣಿಕೆ ತೆಗೆದುಕೊಂಡೆ. ಆಕೆ ಬೇಡ ಎನ್ನಲಿಲ್ಲ. ಕೂದಲು ಬಹಳ ಕಡಿಮೆಯಿತ್ತು... ಬಾಚಿ ಮುಗಿದ ಮೇಲೂ ಕೈ ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಬೆಳಕು ಹರಿದ ಮೇಲೆ ಹಿಂದಿನ ಗೋಡೆ ಬಿತ್ತು. ಕೆಳಗೆ ನೆನೆದ ಮಣ್ಣು ಒಮ್ಮೆಗೇ ಕುಸಿದು, ಮನೆಯೆಲ್ಲ ಒಂದು ಸಲ ನಡುಗಿತು. ಸೂರಿನಿಂದ ಮಣ್ಣು ನಮ್ಮ ತಲೆಯ ಮೇಲೆ ಉದುರಿತು. ಒಲೆ, ಆಕೆಯ ಮೂಲೆ, ಎಲ್ಲ ನೀರಿನ ಪಾಲಾಯಿತು. ನಾನು ಚೀರಿದೆ. ಬದುಕಿನ ಮೇಲೆ ನನಗೆ ಅಷ್ಟು ಆಸೆ ಇದೆಯೆಂದು ಅವತ್ತೇ ತಿಳಿದದ್ದು. ಆಯಿ ನನ್ನನ್ನು ಎಳೆದು ಮುಂದಿನ ಗೋಡೆಗೆ ಆನಿಸಿ, ಎರಡೂ ಕೈಯಿಂದ ನನ್ನ ಮುಖ ಹಿಡಿದಳು. ಆಕೆಯ ಮುಖ ಬಿಳಿಚಿತ್ತು. ಹೆದರಿದ್ದು ತನಗಾಗಿ ಅಲ್ಲ.

"ನನ್ನ ಹುಚ್ಚಿಗಿ ನಿನ್ನ ಇಲ್ಲಿ ಕೂಡ್ರಿಸಿಕೊಂಡ್ನೆಲ್ಲ... ಹೋಗಬೇಕಿತ್ತು. ನಿನ್ನ ಕಳಿಸಬೇಕಿತ್ತು ನಾ."

ಬಿಸಿಲು ಏರುವ ಹೊತ್ತಿಗೆ ಬೋಟಿನ ಸಪ್ಪಳ ಕೇಳಿತು. ಮುಂದಿನ ಕಿಟಕಿಯಿಂದ ನಾನು ಕೆಂಪು ಸೀರೆ ಬೀಸಿದೆ. ಬೋಟಿನ ಮುಂಭಾಗದಲ್ಲಿ ನಿಂತು ಹಾದಿ ತೋರಿಸುತ್ತಿದ್ದವನು ಅವನೇ, ಟ್ರ್ಯಾಕ್ಟರಿನವನು. ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಕಣ್ಣು ಹೇಳುತ್ತಿದ್ದವು. ಕಿಟಕಿಯ ಸರಳು ಕಿತ್ತು ನಮ್ಮನ್ನು ಇಳಿಸಿಕೊಂಡರು. ಆಯಿ ಮೊದಲು ನನ್ನನ್ನು ಇಳಿಸಿದಳು. ತಾನು ಇಳಿಯುವಾಗ ಒಂದು ಸಲ ಖೋಲಿಯ ಕಡೆ ತಿರುಗಿದಳು. ಏನನ್ನೂ ತೆಗೆದುಕೊಳ್ಳಲಿಲ್ಲ. ಬೋಟಿನವರು ಸಾಮಾನು ಬೇಡ ಎಂದು ಮೊದಲೇ ಹೇಳಿದ್ದರು. ಆದರೆ ಅವನು ಯಾರನ್ನೂ ಕೇಳದೆ ಒಳಗೆ ಕೈ ಚಾಚಿ ಒಂದು ರೊಟ್ಟಿ ಗಂಟನ್ನು, ಒಂದು ಹಿಂಡಿ ಡಬ್ಬಿಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಗಂಜಿ ಕೇಂದ್ರದಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಅನ್ನ, ಸಾರು, ಜಮಖಂಡಿಯವರು ತಂದುಕೊಟ್ಟ ಬಾಳೆಹಣ್ಣು, ಬ್ರೆಡ್ಡು. ಆಯಿಯ ಗಂಟನ್ನು ಬಿಚ್ಚುವ ಅಗತ್ಯ ಯಾರಿಗೂ ಇರಲಿಲ್ಲ. ಆಕೆ ಒಂದು ಕ್ಲಾಸಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಧ್ಯಾಹ್ನ ಅವನು ಬಂದು ಆಕೆಯ ಹತ್ತಿರ ಕೂತು, ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದ.

"ಹಿಂಡಿ ಹಾಕ ಆಯಿ. ಹಸದೀನಿ."

ಆಕೆ ಎದ್ದು ಕೂತಳು. ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಅವನ ಹೆಂಡತಿ ಬಂದು ಕೂತಳು, ಮಕ್ಕಳು ಬಂದರು. ಓಣಿಯ ಹೆಂಗಸರೂ ಒಬ್ಬೊಬ್ಬರೇ ಸರಿದು ಬಂದರು. ಚೇಷ್ಟೆ ಮಾಡುತ್ತಿದ್ದವರೇ "ನಂಗೊಂದ ಕೊಡ ಆಯಿ" ಎಂದು ಕೈ ಒಡ್ಡಿದರು. ಆಯಿ ಎಲ್ಲರಿಗೂ ಕೊಟ್ಟಳು. ಅವರು ಹಸಿದು ಬಂದಿಲ್ಲವೆಂದು ಆಕೆಗೂ ಗೊತ್ತಿತ್ತು. ಗಂಟು ಖಾಲಿಯಾಗುವ ತನಕ ಆಕೆ ತಲೆ ಎತ್ತಲಿಲ್ಲ.

ನೀರಿಳಿದ ಮೇಲೆ ಆ ಓಣಿಯನ್ನು ಯಾರೂ ಮತ್ತೆ ಕಟ್ಟಲಿಲ್ಲ. ಕೆಲವು ಕಾಲ ತಗಡಿನ ಶೆಡ್ಡು, ಆಮೇಲೆ ಹೊಳೆಯಿಂದ ದೂರ, ಕಪ್ಪು ಮಣ್ಣಿನ ಎರಿಭೂಮಿ ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಸಾಲುಮನೆಗಳು. ಎಲ್ಲಕ್ಕೂ ಒಂದೇ ಅಳತೆ, ಒಂದೇ ಬಣ್ಣ. ಚೀಟಿ ಎತ್ತಿ ಹಂಚಿದ್ದರಿಂದ ಹಳೆಯ ಓಣಿಯವರು ದಿಕ್ಕಿಗೊಬ್ಬರಾದರು. ಆಯಿಗೆ ಕೊನೆಯ ಸಾಲಿನ ಮನೆ ಬಂತು. ಒಂದು ಖೋಲಿ, ಒಂದು ಅಡುಗೆ ಕಟ್ಟೆ. ಆಚೆ ಬಯಲು. ಬೇಸಿಗೆ ಮುಗಿಯುವಾಗ ನಾನು ಹೋಗಿ ನೋಡಿದೆ. ಅಂಗಳದಲ್ಲಿ ಏನೂ ಹರವಿರಲಿಲ್ಲ.

"ಈ ವರ್ಷ ರೊಟ್ಟಿ ಮಾಡಲಿಲ್ಲೇನ್ ಆಯಿ?" ಎಂದು ಕೇಳಬಾರದಿತ್ತೇನೋ, ಕೇಳಿದೆ.

"ಇಲ್ಲಿಗಿ ಹೊಳಿ ಬರೂದಿಲ್ಲಂತವಾ. ಸಾಹೇಬ್ರು ಹೇಳಿ ಹೋಗ್ಯಾರ." ಖಾಲಿ ಅಂಗಳದ ಕಡೆ ನೋಡುತ್ತ ಅಂದಳು, "ಎಂದೂ ಬರೂದಿಲ್ಲಂತ."

ಊರಿಗೆಲ್ಲ ಸಮಾಧಾನ ತಂದ ಆ ಮಾತನ್ನು ಅಷ್ಟು ದುಃಖದಿಂದ ಹೇಳಿದವರನ್ನು ನಾನು ಬೇರೆ ಯಾರನ್ನೂ ಕಂಡಿಲ್ಲ.

ಆಮೇಲೆ ನನಗೆ ಬೀಳಗಿಯ ಕಡೆ ವರ್ಗವಾಯಿತು. ಹೊರಡುವ ದಿನ ಆಕೆ ಬಸ್ ಸ್ಟಾಪಿನ ತನಕ ಬಂದಳು. ಬರ್ತಾ ಇರು ಎಂದಳು. ಮೊದಮೊದಲು ಹೋಗುತ್ತಿದ್ದೆ. ಆಮೇಲೆ ಕೆಲಸ, ಅವ್ವನ ಕಾಯಿಲೆ, ಅದೂ ಇದೂ... ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಆ ಟ್ರ್ಯಾಕ್ಟರಿನವನು ಸಿಕ್ಕ. ಆಯಿ ಹೋಗಿ ವರ್ಷದ ಮೇಲಾಗಿದೆ ಎಂದ. ತಾನೇ ಮಣ್ಣು ಕೊಟ್ಟನಂತೆ. "ನಿಮಗ ತಿಳಸಾಕ ನಂಬರ ಇರಲಿಲ್ರಿ ಸಿಸ್ಟರ" ಎಂದು ತಪ್ಪು ಮಾಡಿದವನ ಹಾಗೆ ಹೇಳಿದ. ಬಸ್ಸು ಬಂತು, ಹತ್ತಿದೆ. ಕಿಟಕಿಯ ಹತ್ತಿರ ಕೂತರೂ ಬೀಳಗಿ ಬರುವ ತನಕ ಹೊರಗೆ ಏನಿತ್ತೋ ನೋಡಲಿಲ್ಲ.

ಅಂಗಡಿಯಿಂದ ಮನೆಗೆ ಬಂದು ಸಾಮಾನು ಇಳಿಸುವಷ್ಟರಲ್ಲಿ ಮೋಡ ಮತ್ತೆ ಕವಿಯಿತು. ನೌಕರಿಯಿಂದ ನಿವೃತ್ತಳಾದ ಮೇಲೆ ಮುಧೋಳದಲ್ಲಿ ಈ ಎರಡು ಖೋಲಿಯ ಮನೆ ಹಿಡಿದು ಒಬ್ಬಳೇ ಇದ್ದೇನೆ. ಎದುರು ಮನೆಯವರು ಲೋಕಾಪುರದ ತಮ್ಮ ಬೀಗರ ಮನೆಗೆ ಹೊರಟು, ಬಾಡಿಗೆ ಜೀಪಿಗೆ ಗಂಟು ಏರಿಸುತ್ತಿದ್ದರು. ಆ ಮನೆಯ ಸೊಸೆ ನನ್ನ ಬಾಗಿಲಿಗೆ ಬಂದು, "ಒಬ್ಬರ ಹ್ಯಾಂಗ ಇರ್ತೀರಿ? ನಮ್ಮ ಜೋಡಿ ಬರ್ರಿ ಬಾಯಾರ" ಎಂದಳು. ಅವರೊಂದಿಗೆ ನನ್ನದು ಬರೀ ನಮಸ್ಕಾರದ ಪರಿಚಯ. ಆದರೂ "ಬರ್ತೇನಿ" ಎಂದುಬಿಟ್ಟೆ. ಎಷ್ಟು ಬೇಗ ಅಂದೆನೆಂದು ನನಗೇ ಆಶ್ಚರ್ಯ. ಎರಡು ಸೀರೆ, ಗುಳಿಗೆ, ಚಾರ್ಜರು ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕಿದೆ.

ಜೀಪಿನಲ್ಲಿ ಇಕ್ಕಟ್ಟು. ಅವರ ಸಣ್ಣ ಮಗಳು ಕೇಳದೆಯೇ ನನ್ನ ತೊಡೆಯ ಮೇಲೆ ಬಂದು ಕೂತಳು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಮಳೆ ಶುರುವಾಯಿತು. ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು. ನನಗೂ ಆಯಿಯ ಸುದ್ದಿ ಹೇಳಬೇಕೆನಿಸಿತು, ಬಾಯಿಯ ತನಕ ಬಂತು. ಆದರೆ ಆ ಜೀಪಿನಲ್ಲಿ ಆಕೆಯನ್ನು ನೋಡಿದವರು ಯಾರೂ ಇರಲಿಲ್ಲ.